ದ್ರಾಕ್ಷಾಗರ್ಭವೆಂಬ ರೋಗವೂ ನನ್ನ ಪಾಂಡಿತ್ಯವೂ

ನಮ್ಮ ಸಂಘದ ಈ ಮಾಸಪತ್ರಿಕೆಯಲ್ಲಿ ನಾನು ಇದುವರೆಗೆ ಬರೆದುದೆಲ್ಲವೂ ವ್ಯಾಕರಣ, ಅಲಂಕಾರ, ದಾಸಸಾಹಿತ್ಯ ಇವುಗಳಿಗೆ ಸಂಬಂಧಪಟ್ಟುದು. ಈ ಸಲ ಸ್ತ್ರೀಯರ ಒಂದು ವ್ಯಾಧಿಯನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ವೈದ್ಯನಲ್ಲದವನು ವೈದ್ಯವಿಷಯವನ್ನು ಬರೆಯುವುದು ಉಚಿತವೇ ಎಂದು ಕೇಳಿದರೆ ಅಲ್ಲವೆಂದೇ ನನ್ನ ಉತ್ತರ. ಆದರೆ ವೈದ್ಯನಲ್ಲದ ನಾನು ಒಮ್ಮೆ ವೈದ್ಯನಂತೆ ಮಾತನಾಡಿದೆನು. ಆ ಮಾತಿನಿಂದ ನಮ್ಮ ಮನೆಯ ಒಂದು ಹೆಣ್ಣುಜೀವವು ಅಪಾಯದ ಅಂಚಿಗೆ ಹೋಗಿ ಬಂದಿತು. ನಾಲ್ಕು ಜನರ ಮುಂದೆ ಆಡಿದ ತಪ್ಪು ಮಾತನ್ನು ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕಷ್ಟೆ. ಆ ಮಗಳೇ, "ಮಾಮಾ, ಇದನ್ನ ಬರೀರಿ, ನಾಲ್ಕು ಮಂದಿ ಹೆಣ್ಣುಮಕ್ಕಳಿಗೆ ಗೊತ್ತಾಗಲಿ" ಎಂದು ಅಪ್ಪಣೆ ಕೊಟ್ಟಿರುವಳಾದುದರಿಂದ ಸಂಕೋಚವನ್ನು ಬದಿಗಿಟ್ಟು ಬರೆಯುತ್ತೇನೆ.

ನಾನು ಬಾಲ್ಯದಲ್ಲಿ ತುಂಗಭದ್ರೆಯ ದಡದ ಒಂದು ಪಾಠಶಾಲೆಯಲ್ಲಿ ಓದಿದವನು. ಅಲ್ಲಿ ಕಾವ್ಯ ವ್ಯಾಕರಣಗಳ ಜೊತೆಗೆ ನಮ್ಮ ಗುರುಗಳು ಚರಕ ಸುಶ್ರುತಸಂಹಿತೆಗಳಿಂದ ಆಯ್ದ ಕೆಲವು ಅಧ್ಯಾಯಗಳನ್ನು ಪಾಠ ಹೇಳುತ್ತಿದ್ದರು. ಚಿಕಿತ್ಸೆ ಮಾಡಿಸುವುದಕ್ಕಲ್ಲ, ಶಾಸ್ತ್ರಗದ್ಯದ ಪರಿಚಯವಾಗಲೆಂದು. ನನಗೆ ನೆನಪಿನ ಶಕ್ತಿ ಚೆನ್ನಾಗಿತ್ತು. ಮುಂದೆ ಮಾನವಿಯ ಪ್ರೌಢಶಾಲೆಯಲ್ಲಿ ಮಾಸ್ತರನಾದ ಮೇಲೆ, ಯಾರ ಮನೆಯಲ್ಲಿ ಯಾವ ರೋಗದ ಮಾತು ಬಂದರೂ ಅದಕ್ಕೊಂದು ಶ್ಲೋಕವನ್ನು ಹೇಳಿ ಅರ್ಥವನ್ನು ಬಿಡಿಸುವುದು ನನಗೆ ಚಟವಾಯಿತು. ಕೇಳುವವರು ತಲೆದೂಗುತ್ತಿದ್ದರು. ಮಾನವಿಯೆಂದರೆ ಜಗನ್ನಾಥದಾಸರ ಊರು. ಸಂಸ್ಕೃತಪಾಂಡಿತ್ಯದ ಗರ್ವದಿಂದ ಅವರು ಮೊದಲು ವಿಜಯದಾಸರನ್ನು ಕಡೆಗಣಿಸಿ, ಹೊಟ್ಟೆನೋವಿನ ನೆವ ಹೇಳಿ, ಕಡೆಗೆ ನಿಜವಾದ ಉದರವ್ಯಾಧಿಯನ್ನೇ ಅನುಭವಿಸಿದರೆಂಬ ಐತಿಹ್ಯವನ್ನು ಈ ಊರಿನ ಮಕ್ಕಳೂ ಬಲ್ಲರು. ಆ ಕಥೆಯನ್ನು ನಾನೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಹೇಳಿದವನು ಕೇಳಿರಲಿಲ್ಲ.

೨೦೧೧ರಲ್ಲಿ ನಡೆದ ಸಂಗತಿ. ನನ್ನ ತಂಗಿಯ ಮಗಳನ್ನು ದೇವದುರ್ಗಕ್ಕೆ ಕೊಟ್ಟಿತ್ತು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಅವಳ ಗಂಡನು ಹತ್ತಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದನು, ಮಿತಭಾಷಿ, ಒಳ್ಳೆಯವನು. ಮದುವೆಯಾದ ವರ್ಷದೊಳಗೆ ಬಸುರಿಯಾದಳೆಂಬ ವರ್ತಮಾನ ಬಂದು ಎಲ್ಲರೂ ಸಂತೋಷಪಟ್ಟೆವು. ಮೂರು ತಿಂಗಳು ತುಂಬುವಷ್ಟರಲ್ಲಿ ಅವಳನ್ನು ತವರಿಗೆ ಕರೆತಂದರು. ನೀರು ಕುಡಿದರೂ ವಾಂತಿ, ಎದೆಬಡಿತ, ಕೈನಡುಕ. ಹೊಟ್ಟೆಯು ಮಾತ್ರ ಐದು ತಿಂಗಳಿನವರ ಹಾಗೆ ಮುಂದಕ್ಕೆ ಬಂದಿತ್ತು. ಓಣಿಯ ಮುದುಕಿಯರು ನೋಡಿ, ಅವಳಿಜವಳಿ ಇರಬೇಕು, ಕುಬಸಕ್ಕೆ ಎರಡು ತೊಟ್ಟಿಲ ಹಾಡು ಹಾಡೋಣವೆಂದು ನಕ್ಕರು. ಅಷ್ಟರಲ್ಲಿ ನಡುನಡುವೆ ಕಂದುಬಣ್ಣದ ರಕ್ತ ಕಾಣಿಸಿಕೊಂಡಿತು. ನನ್ನ ತಂಗಿಯು ಹೆದರಿ ನನ್ನಲ್ಲಿಗೆ ಬಂದು, "ಅಣ್ಣಾ, ಏನು ಮಾಡೋಣ?" ಎಂದಳು.

ನಾನು ಲಕ್ಷಣಗಳನ್ನು ಕೇಳಿದೆನು. ಹೊಟ್ಟೆಯಲ್ಲಿ ಕೂಸಿನ ಅಂಗಾಂಗಗಳ ಚಲನೆ ತಿಳಿಯುವುದೇ ಎಂದರೆ ಇಲ್ಲ; ಹೊಟ್ಟೆ ಮಾತ್ರ ಗಡ್ಡೆಯಂತೆ ಇದೆ. ಮೂರು ತಿಂಗಳಿಗೆ ಯಾವ ಬಸುರಿಗೂ ಚಲನೆ ತಿಳಿಯುವುದಿಲ್ಲವೆಂಬುದು ಆಗ ನನಗೆ ಹೊಳೆಯಲಿಲ್ಲ. ಚರಕನ ಗುಲ್ಮಚಿಕಿತ್ಸಿತಾಧ್ಯಾಯವು ಹೊಳೆಯಿತು. ಸ್ತ್ರೀಯರಿಗೆ ಮಾತ್ರವೇ ಬರುವ ರಕ್ತಗುಲ್ಮವೆಂಬುದೊಂದುಂಟು. ಅದು ಗರ್ಭದ ಲಕ್ಷಣಗಳನ್ನೇ ತೋರಿಸುವುದು. ಆದರೆ ಅವಯವಗಳಿಂದಲ್ಲದೆ ಇಡೀ ಪಿಂಡವಾಗಿ ಮಿಡುಕುವುದು. ಹತ್ತನೆಯ ತಿಂಗಳು ಕಳೆದ ಬಳಿಕ ಅದಕ್ಕೆ ಚಿಕಿತ್ಸೆ ಮಾಡತಕ್ಕದ್ದು. ಇದಿಷ್ಟನ್ನೂ ಮೂಲದಲ್ಲಿ ಹೇಳಿ, "ಗರ್ಭವಾದರೆ ತಾನೇ ಬೆಳೆಯುವುದು, ಗುಲ್ಮವಾದರೆ ಕಾಯಬೇಕೆಂದು ಶಾಸ್ತ್ರವೇ ಹೇಳಿದೆ, ಅವಸರ ಮಾಡಬೇಡಿರಿ" ಎಂದೆನು. ಅಣ್ಣನ ಮಾತೆಂದರೆ ನನ್ನ ತಂಗಿಗೆ ವೇದವಾಕ್ಯ. ಮೂರು ವಾರ ಕಾದರು.

ಮೂರನೆಯ ವಾರದ ಕಡೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಆರೋಗ್ಯ ಉಪಕೇಂದ್ರದಲ್ಲಿ ನರ್ಸಾಗಿದ್ದಳು. ಶಾಲೆಯಲ್ಲಿ ಸಂಸ್ಕೃತಕ್ಕೆ ಅವಳು ಪಡೆಯುತ್ತಿದ್ದ ಅಂಕಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಅವಳು ಹುಡುಗಿಯ ಕಣ್ಣುಗಳನ್ನೂ ಪಾದಗಳನ್ನೂ ನೋಡಿ, ತೋಳಿಗೆ ಪಟ್ಟಿ ಸುತ್ತಿ ರಕ್ತದ ಒತ್ತಡವನ್ನು ಅಳೆದು, ನನ್ನ ಶ್ಲೋಕವನ್ನೂ ತಾಳ್ಮೆಯಿಂದ ಕೇಳಿ, "ಸರ, ಪುಸ್ತಕದಾಗ ಹತ್ತು ತಿಂಗಳು ಅಂತ ಇರಬಹುದ್ರಿ. ಆದರ ಈಕಿ ಕಾಲು ಬಾತಾವ, ಬಿ.ಪಿ. ಏರೇದ, ಮೈಯಾಗ ರಕ್ತ ಇಲ್ಲ. ನಾಳೆ ಬ್ಯಾಡ, ಇವತ್ತೇ ರಾಯಚೂರಿಗೆ ಒಯ್ಯಿರಿ" ಎಂದಳು. ಅವಳ ಧ್ವನಿಯಲ್ಲಿ ವಿನಯವಿದ್ದಿತು, ಅನುಮಾನವಿರಲಿಲ್ಲ. ಅದೇ ಸಂಜೆ ಜೀಪು ಮಾಡಿಕೊಂಡು ರಾಯಚೂರು ಸೇರಿದೆವು.

ರಾಯಚೂರಿನ ಡಾಕ್ಟರಮ್ಮನವರು ಮೊದಲು ಸ್ಕ್ಯಾನಿಂಗ್ ಮಾಡಿಸಿದರು. ಪರದೆಯ ಮೇಲೆ ಕೂಸಿಲ್ಲ, ಹೃದಯದ ಮಿಡಿತವಿಲ್ಲ; ಗರ್ಭಕೋಶದ ತುಂಬ ಮಂಜು ಸುರಿದಂತೆ ಬಿಳಿಯ ಚುಕ್ಕೆಗಳು, ನಡುನಡುವೆ ಕಪ್ಪು ಕಪ್ಪಾದ ಸಣ್ಣ ಗುಳ್ಳೆಗಳು. ಬಳಿಕ ರಕ್ತಪರೀಕ್ಷೆಯಾಯಿತು. ಬಸುರಿಯರ ರಕ್ತದಲ್ಲಿ ಎಚ್‌ಸಿಜಿ ಎಂಬ ಒಂದು ರಸವು ಹುಟ್ಟುವುದುಂಟು; ಮೂತ್ರದಲ್ಲಿ ಪಟ್ಟಿ ಅದ್ದಿ ಗರ್ಭವನ್ನು ಗುರುತಿಸುವುದು ಅದರಿಂದಲೇ. ಈ ಹುಡುಗಿಯಲ್ಲಿ ಅದು ಎರಡು ಲಕ್ಷಕ್ಕೂ ಮೀರಿತ್ತು. ಆ ರಸವು ಅತಿಯಾದುದರಿಂದಲೇ ಆ ವಾಂತಿ. ಅದಕ್ಕೂ ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ರಸಕ್ಕೂ ರಚನೆಯಲ್ಲಿ ಹೋಲಿಕೆಯಿರುವುದರಿಂದ ಆ ಎದೆಬಡಿತ, ಆ ಕೈನಡುಕ. ಡಾಕ್ಟರಮ್ಮನವರು, "ಇದು ಮೋಲಾರ್ ಗರ್ಭ" ಎಂದರು.

ಮರಾಠಿಯವರು ಇದನ್ನು ದ್ರಾಕ್ಷಗರ್ಭವೆನ್ನುವರು; ನಾನು ಅದನ್ನೇ ದ್ರಾಕ್ಷಾಗರ್ಭವೆಂದು ಕರೆಯುತ್ತೇನೆ. ಗರ್ಭವು ನೆಲೆಗೊಂಡಾಗ ಅದರಿಂದ ಎರಡು ಹುಟ್ಟುತ್ತವೆ: ಒಂದು ಕೂಸು, ಇನ್ನೊಂದು ಕೂಸನ್ನು ಪೋಷಿಸುವ ಮಾಸು. ಮಾಸಿನಲ್ಲಿ ಬೇರಿನ ಎಳೆಗಳಂಥ ಸಣ್ಣ ಸಣ್ಣ ಕವಲುಗಳಿದ್ದು, ಅವು ತಾಯಿಯ ರಕ್ತದಿಂದ ಆಹಾರವನ್ನು ಹೀರುತ್ತವೆ. ಈ ರೋಗದಲ್ಲಿ ಆ ಕವಲುಗಳು ನೀರು ತುಂಬಿ ಉಬ್ಬಿ ದ್ರಾಕ್ಷಿಯ ಗೊಂಚಲಿನಂತಾಗುತ್ತವೆ. ಪೂರ್ಣವಾದ ದ್ರಾಕ್ಷಾಗರ್ಭದಲ್ಲಿ ಕೂಸೇ ಇರುವುದಿಲ್ಲ. ಅಪೂರ್ಣವಾದುದರಲ್ಲಿ ಕೂಸಿನ ಅಂಶವು ಕಂಡರೂ ಅದು ಬದುಕುವಂಥದಲ್ಲ. ಹದಿಹರೆಯದ ಹುಡುಗಿಯರಲ್ಲಿಯೂ ನಲವತ್ತು ದಾಟಿದವರಲ್ಲಿಯೂ ಇದು ಉಳಿದವರಿಗಿಂತ ಹೆಚ್ಚು. ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಎಳೆಯ ವಯಸ್ಸಿನಲ್ಲಿ ಮದುವೆ ಮಾಡುವವರು ಇನ್ನೂ ಉಂಟಾದುದರಿಂದ ಈ ಮಾತನ್ನು ಒತ್ತಿ ಹೇಳುತ್ತೇನೆ.

ಇದು ಯಾವ ಒಂದು ದೇಶಕ್ಕೂ ಮೀಸಲಾದ ರೋಗವಲ್ಲ. ಹಾಲೆಂಡ್ ದೇಶದ ಲೋಸ್‌ಡೌನೆನ್ ಎಂಬ ಊರಿನಲ್ಲಿ ಒಂದು ಹಳೆಯ ಕಥೆಯಿದೆ. ೧೨೭೬ರಲ್ಲಿ ಹೆನ್ನೆಬರ್ಗಿನ ಮಾರ್ಗರೆಟ್ ಎಂಬ ರಾಜವಂಶದ ಹೆಂಗಸು ಒಂದೇ ಹೆರಿಗೆಯಲ್ಲಿ ೩೬೫ ಮಕ್ಕಳನ್ನು ಹೆತ್ತಳಂತೆ. ಬಡವಿಯೊಬ್ಬಳ ಶೀಲವನ್ನು ಶಂಕಿಸಿ ನಿಂದಿಸಿದ್ದಕ್ಕೆ ಅವಳಿಗೆ ತಗುಲಿದ ಶಾಪವಂತೆ. ಅವು ಮಕ್ಕಳಲ್ಲ, ದ್ರಾಕ್ಷಾಗರ್ಭದ ಗುಳ್ಳೆಗಳಾಗಿರಬೇಕೆಂದು ವೈದ್ಯರು ಊಹಿಸಿದ್ದಾರೆ. ಅರ್ಥವಾಗದ ರೋಗ ಬಂದಾಗ ಹೆಣ್ಣಿನ ಶೀಲದ ಪ್ರಶ್ನೆಯು ಆ ದೇಶದಲ್ಲಿಯೂ ಹೇಗೆ ನಡುವೆ ಬಂದು ಕುಳಿತಿತೆಂಬುದನ್ನು ವಾಚಕರು ಗಮನಿಸಬೇಕು.

ಚಿಕಿತ್ಸೆಯ ಮೊದಲನೆಯ ಮೆಟ್ಟಿಲು ಗರ್ಭಕೋಶವನ್ನು ಬರಿದುಮಾಡುವುದು. ಮಾತ್ರೆ ನುಂಗಿಸಿ ತಾನಾಗಿ ಬೀಳಲೆಂದು ಬಿಡುವುದು ಇದಕ್ಕೆ ತರವಲ್ಲ. ರಕ್ತಸ್ರಾವವು ಹೆಚ್ಚುವ ಭಯವುಂಟು. ಅರಿವಳಿಕೆ ಕೊಟ್ಟು ಹೀರುವ ಯಂತ್ರದಿಂದ ತೆಗೆಯುತ್ತಾರೆ. ಅದಕ್ಕೆ ಮೊದಲು ಎದೆಯ ಕ್ಷಕಿರಣಚಿತ್ರವನ್ನು ತೆಗೆದು, ರಕ್ತವನ್ನು ಸಿದ್ಧವಾಗಿಟ್ಟುಕೊಳ್ಳುವರು. ತಾಯಿಯ ರಕ್ತದ ಗುಂಪು ಋಣಾತ್ಮಕವಾಗಿದ್ದರೆ ಅದಕ್ಕೆ ಬೇರೆ ಸೂಜಿಮದ್ದುಂಟು. ಮಕ್ಕಳು ಸಾಕೆನ್ನುವ ವಯಸ್ಸಾದವರಲ್ಲಿ ಗರ್ಭಕೋಶವನ್ನೇ ತೆಗೆಯುವುದೂ ಒಂದು ಮಾರ್ಗ. ನಮ್ಮ ಹುಡುಗಿಗೆ ಎರಡು ಬಾಟಲಿ ರಕ್ತ ಕೊಟ್ಟು ಶಸ್ತ್ರಕ್ರಿಯೆಯನ್ನು ಮಾಡಿದರು. ತೆಗೆದ ವಸ್ತುವನ್ನು ಪರೀಕ್ಷೆಗೆ ಕಳುಹಿಸುವ ಮೊದಲು ಡಾಕ್ಟರಮ್ಮನವರು ನನಗೊಮ್ಮೆ ತೋರಿಸಿದರು. ಪಾರದರ್ಶಕವಾದ ಗುಳ್ಳೆಗಳ ಗೊಂಚಲು. "ಮಾಸ್ತರರೇ, ಇನ್ನೊಂದು ವಾರ ತಡಮಾಡಿದ್ದರೆ ತಾಯಿಯೂ ಕಷ್ಟವಿತ್ತು" ಎಂದರು. ನನ್ನ ಬಾಯಲ್ಲಿ ಯಾವ ಶ್ಲೋಕವೂ ಬರಲಿಲ್ಲ.

ಇಲ್ಲಿಗೆ ಮುಗಿಯಿತೆಂದು ನಾವು ತಿಳಿದಿದ್ದೆವು. ಡಾಕ್ಟರಮ್ಮನವರು ಮುಗಿಯಲಿಲ್ಲವೆಂದರು. ಪೂರ್ಣವಾದ ದ್ರಾಕ್ಷಾಗರ್ಭವಾದವರಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಮಂದಿಗೆ ಅದರ ಕಣಗಳು ಒಳಗೆ ಉಳಿದು ಮತ್ತೆ ಬೆಳೆಯುತ್ತವೆ. ಅಪೂರ್ಣವಾದುದರಲ್ಲಿ ಈ ಭಯ ಬಹಳ ಕಡಿಮೆ. ಆದಕಾರಣ ವಾರಕ್ಕೊಮ್ಮೆ ಎಚ್‌ಸಿಜಿಯನ್ನು ಅಳೆಯಬೇಕು; ಅದು ಸಹಜಸ್ಥಿತಿಗೆ ಇಳಿದ ಮೇಲೆಯೂ ಕೆಲವು ತಿಂಗಳು ತಿಂಗಳಿಗೊಮ್ಮೆ ನೋಡಬೇಕು; ಅಲ್ಲಿಯವರೆಗೆ ಇನ್ನೊಂದು ಗರ್ಭ ನಿಲ್ಲಬಾರದು, ನಿಂತರೆ ಆ ಅಂಕೆಯು ಏರಿದ್ದು ರೋಗದಿಂದಲೋ ಕೂಸಿನಿಂದಲೋ ತಿಳಿಯದು. ಹುಡುಗಿಯನ್ನು ಮಾನವಿಯಲ್ಲಿಯೇ ಇಟ್ಟುಕೊಂಡು, ವಾರವಾರವೂ ನಾನೇ ಬಸ್ಸಿನಲ್ಲಿ ರಾಯಚೂರಿಗೆ ಕರೆದುಕೊಂಡು ಹೋಗುತ್ತಿದ್ದೆನು. ಬಂದ ಅಂಕೆಯನ್ನು ಮನೆಯ ಪಂಚಾಂಗದಲ್ಲಿ ಆಯಾ ದಿನದ ತಿಥಿಯ ಪಕ್ಕದಲ್ಲಿ ಬರೆದಿಡುತ್ತಿದ್ದೆನು. ನಲವತ್ತು ಸಾವಿರ, ಆರು ಸಾವಿರ, ಎಂಟುನೂರು ಎಂದು ಇಳಿಯುತ್ತ ಬಂದಿತು.

ಈ ನಡುವೆ ದೇವದುರ್ಗದಿಂದ ಒಂದು ಸುದ್ದಿ ಬಂದಿತು. ಹುಡುಗಿಯ ಅತ್ತೆಯ ಮನೆಯಲ್ಲಿ ಬಂಧುಗಳು ಸೇರಿದ್ದಾಗ ಒಬ್ಬ ಹಿರಿಯರು, "ಇದು ಗಂಡನಿಂದಾದ ಗರ್ಭವಲ್ಲ, ಕನಸಿನಲ್ಲಿ ಪುರುಷನನ್ನು ಕಂಡ ಹೆಂಗಸಿಗೆ ಇಂಥದು ಆಗುವುದೆಂದು ಸುಶ್ರುತದಲ್ಲಿಯೇ ಇದೆ. ಹುಡುಗಿಯ ಸೋದರಮಾವನೇ ಉಪನ್ಯಾಸದಲ್ಲಿ ಹೇಳಿದ್ದಾನೆ" ಎಂದರಂತೆ. ಅವನಿಗೆ ಬೇರೆ ಸಂಬಂಧ ನೋಡುವುದು ಒಳಿತೆಂದೂ ಮಾತು ಹುಟ್ಟಿತಂತೆ.

ಅವರು ಹೇಳಿದುದು ಸುಳ್ಳಲ್ಲ. ಎರಡು ವರ್ಷಗಳ ಹಿಂದೆ ದೇವದುರ್ಗದಲ್ಲಿ ಒಂದು ಮದುವೆಯ ಮನೆಯಲ್ಲಿ, ನಮ್ಮ ಪೂರ್ವಿಕರ ಸೂಕ್ಷ್ಮದರ್ಶನವನ್ನು ಹೊಗಳುವ ಉತ್ಸಾಹದಲ್ಲಿ ನಾನು ಸುಶ್ರುತನ ಶಾರೀರಸ್ಥಾನದ ಆ ಪ್ರಸಂಗವನ್ನು ವಿವರಿಸಿದ್ದೆನು. ಋತುಸ್ನಾತೆಯಾದ ಸ್ತ್ರೀಯು ಸ್ವಪ್ನದಲ್ಲಿ ಸಂಗವನ್ನು ಅನುಭವಿಸಿದರೆ, ವಾಯುವು ಆರ್ತವವನ್ನು ಕೊಂಡೊಯ್ದು ಕುಕ್ಷಿಯಲ್ಲಿ ಗರ್ಭವನ್ನು ಮಾಡುವುದು. ಅದು ತಿಂಗಳು ತಿಂಗಳಿಗೂ ಬೆಳೆದು, ಕಡೆಗೆ ತಂದೆಯ ಗುಣಗಳಿಲ್ಲದ ಕಲಲವಾಗಿ ಹುಟ್ಟುವುದು ಎಂಬುದು ಅಲ್ಲಿಯ ಅಭಿಪ್ರಾಯ. ಕೂದಲು, ಮೂಳೆ, ಉಗುರು, ಹಲ್ಲು ಇವು ತಂದೆಯಿಂದಲೂ, ರಕ್ತಮಾಂಸಾದಿ ಮೃದುವಾದ ಭಾಗಗಳು ತಾಯಿಯಿಂದಲೂ ಬರುವುವೆಂಬುದು ಆ ಗ್ರಂಥದ ಮತವಾದುದರಿಂದ, ಮೂಳೆಯಿಲ್ಲದ ಪಿಂಡವನ್ನು ಕಂಡು ತಂದೆಯ ಭಾಗವಿಲ್ಲವೆಂದು ತರ್ಕಿಸಿದರು. ಅಂದು ಸಭೆಯು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯು ಎರಡು ವರ್ಷದ ಮೇಲೆ ನನ್ನ ತಂಗಿಯ ಮಗಳ ಕೆನ್ನೆಗೆ ಬಿದ್ದಿತು. ಅವಳು ನನ್ನ ಮುಂದೆ ಅಳಲಿಲ್ಲ. "ಮಾಮಾ, ನೀವು ಓದಿದ್ದರಾಗ ಹಂಗ ಐತೇನ್ರಿ?" ಎಂದು ಮಾತ್ರ ಕೇಳಿದಳು. ನಾನು ಉತ್ತರ ಕೊಡಲಾರದೆ ಎದ್ದುಹೋದೆನು.

ಐದನೆಯ ವಾರದಿಂದ ಪಂಚಾಂಗದ ಅಂಕೆಗಳು ಇಳಿಯುವುದನ್ನು ನಿಲ್ಲಿಸಿದವು. ೩೧೦, ೨೯೫, ೩೧೮, ೩೦೨. ಮೂರು ವಾರಗಳ ಅವಧಿಯಲ್ಲಿ ನಾಲ್ಕು ಸಲ ಅಳೆದಾಗಲೂ ಒಂದೇ ಮಟ್ಟದಲ್ಲಿ ನಿಂತರೆ, ಅಥವಾ ಎರಡು ವಾರಗಳಲ್ಲಿ ಮೂರು ಸಲ ಅಳೆದಾಗ ಏರುತ್ತ ಹೋದರೆ, ರೋಗವು ಗಡ್ಡೆಯಾಗಿ ಪರಿಣಮಿಸಿತೆಂದು ವೈದ್ಯಲೋಕವು ನಿಶ್ಚಯಿಸಿದೆ. ಇಲ್ಲಿ ಇನ್ನೊಂದು ಚೂರನ್ನು ಕತ್ತರಿಸಿ ನೋಡಬೇಕಾದ ಅಗತ್ಯವಿಲ್ಲ, ಅಂಕೆಯೇ ಸಾಕ್ಷಿ. ಡಾಕ್ಟರಮ್ಮನವರು ನಮ್ಮನ್ನು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ೧೯೫೬ರವರೆಗೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಆ ಊರು ಇಂದಿಗೂ ಬೆಂಗಳೂರಿಗಿಂತ ಸಮೀಪ.

ಅಲ್ಲಿ ರೋಗಿಯ ವಯಸ್ಸು, ಹಿಂದಿನ ಗರ್ಭ ಎಂಥದು, ಅದು ಕಳೆದು ಎಷ್ಟು ತಿಂಗಳಾಯಿತು, ಎಚ್‌ಸಿಜಿ ಎಷ್ಟು, ಗಡ್ಡೆಯ ಗಾತ್ರವೆಷ್ಟು, ಎಲ್ಲಿಗೆ ಎಷ್ಟು ಕಡೆ ಹರಡಿದೆ, ಹಿಂದಿನ ಔಷಧವು ಸೋತಿದೆಯೇ ಎಂಬಿವುಗಳನ್ನೆಲ್ಲ ವಿಚಾರಿಸಿ ಒಂದೊಂದಕ್ಕೂ ಅಂಕಗಳನ್ನು ಕೊಟ್ಟು ಕೂಡಿಸುವರು. ಪರೀಕ್ಷೆಯ ಅಂಕಗಳನ್ನು ಮೂವತ್ತು ವರ್ಷ ಕೂಡಿಸಿದ ನನಗೆ ಇದು ಬೇಗನೆ ತಿಳಿಯಿತು. ಆದರೆ ಇಲ್ಲಿ ಕಡಿಮೆ ಬಂದವರೇ ಉತ್ತೀರ್ಣರು. ಮೊತ್ತವು ಆರು ಅಥವಾ ಅದಕ್ಕಿಂತ ಕಡಿಮೆಯಾದರೆ ಒಂದೇ ಔಷಧ ಸಾಕು; ಏಳು ಅಥವಾ ಅದಕ್ಕೂ ಮೇಲಾದರೆ ಹಲವು ಔಷಧಗಳನ್ನು ಕೂಡಿಸಬೇಕು. ನಮ್ಮ ಹುಡುಗಿಯದು ಎರಡು ಬಂದಿತು. ಕೊಟ್ಟ ಔಷಧದ ಹೆಸರು ಮೆಥೊಟ್ರೆಕ್ಸೇಟ್. ಒಂದು ದಿನ ಬಿಟ್ಟು ಒಂದು ದಿನ ನಾಲ್ಕು ಸೂಜಿ. ನಡುವಿನ ದಿನಗಳಲ್ಲಿ ಅದರ ವಿಷವನ್ನು ತಗ್ಗಿಸಲು ಫೋಲಿನಿಕ್ ಆಮ್ಲ. ಎರಡು ವಾರಕ್ಕೊಮ್ಮೆ ಇದೇ ಸುತ್ತು. ಬಾಯಿ ಹುಣ್ಣಾಗುವುದು, ನಿಶ್ಶಕ್ತಿ ಇವಿಷ್ಟನ್ನು ಅವಳು ಸಹಿಸಬೇಕಾಯಿತು.

ಈ ಔಷಧದ ಕಥೆಯು ನಮ್ಮ ನೆರೆಯದೇ ಆದುದರಿಂದ ಸ್ವಲ್ಪ ವಿಸ್ತರಿಸುತ್ತೇನೆ. ಈ ಜಾತಿಯ ಗಡ್ಡೆಗಳಲ್ಲಿ ಅತ್ಯಂತ ಕ್ರೂರವಾದುದು ಕೋರಿಯೊಕಾರ್ಸಿನೋಮಾ. ಅದು ಗರ್ಭದಿಂದಲೇ ಹುಟ್ಟುವುದೆಂದು ಜರ್ಮನಿಯ ಮಾರ್ಚಂಡ್ ಎಂಬ ಪಂಡಿತನು ೧೮೯೫ರಲ್ಲಿ ತೋರಿಸಿಕೊಟ್ಟನು. ಅದೇ ವರ್ಷ ಆಂಧ್ರದ ಭೀಮವರಂನಲ್ಲಿ ಯೆಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದರು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಬಡ ಬಸುರಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡಳು. ಆ ಸಾರದೊಳಗಿನ ವಸ್ತುವೇ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ೧೯೪೧ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. ಇಂದು ಪ್ರತಿಯೊಬ್ಬ ಬಸುರಿಗೂ ಕೊಡುವ ಮಾತ್ರೆಯಲ್ಲಿರುವುದು ಅದೇ. ಅಮೆರಿಕೆಯ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸುಬ್ಬರಾಯರ ಬಳಗವು ಅದನ್ನು ಕೃತಕವಾಗಿ ನಿರ್ಮಿಸಿತು. ಬಳಿಕ ಅದನ್ನೇ ಹೋಲುವ, ಆದರೆ ಅದರ ಕೆಲಸವನ್ನು ತಡೆಯುವ ವಸ್ತುಗಳನ್ನೂ ನಿರ್ಮಿಸಿತು. ಕಣಗಳು ವೇಗವಾಗಿ ಬೆಳೆಯಲು ಫೋಲಿಕ್ ಆಮ್ಲ ಬೇಕು. ಅದರ ವೇಷದಲ್ಲಿ ಬಂದ ಕಪಟವಸ್ತುವನ್ನು ತೆಗೆದುಕೊಂಡ ಕಣವು ಬೆಳೆಯಲಾರದೆ ಸಾಯುವುದು. ಇವುಗಳಲ್ಲಿ ಒಂದರಿಂದ ಸಿಡ್ನಿ ಫಾರ್ಬರ್ ಎಂಬ ವೈದ್ಯನು ೧೯೪೮ರಲ್ಲಿ ಮಕ್ಕಳ ರಕ್ತದ ಕ್ಯಾನ್ಸರನ್ನು ಕೆಲಕಾಲ ಹಿಮ್ಮೆಟ್ಟಿಸಿದನು. ಅದೇ ವರ್ಷ ಸುಬ್ಬರಾಯರು ತೀರಿಕೊಂಡರು.

ಮಿನ್ ಚಿಯು ಲೀ ಎಂಬ ಚೀನೀ ವೈದ್ಯನೂ ರಾಯ್ ಹರ್ಟ್ಸನೂ ಅಮೆರಿಕೆಯ ಸರಕಾರಿ ಸಂಶೋಧನಾಲಯದಲ್ಲಿ ಮೆಥೊಟ್ರೆಕ್ಸೇಟನ್ನು ಕೋರಿಯೊಕಾರ್ಸಿನೋಮಾ ಹರಡಿದ ಹೆಂಗಸರಿಗೆ ಕೊಟ್ಟು ೧೯೫೬ರಲ್ಲಿ ಪ್ರಕಟಿಸಿದರು. ಅದುವರೆಗೆ ಆ ಹಂತ ಮುಟ್ಟಿದವರು ಬದುಕುವುದು ಬಹುಮಟ್ಟಿಗೆ ಇರಲಿಲ್ಲ. ಔಷಧದಿಂದಲೇ ಗುಣವಾದ ಮೊದಲನೆಯ ಗಡ್ಡೆಯ ಕ್ಯಾನ್ಸರು ಇದೇ. ಕಣ್ಣಿಗೆ ಗಡ್ಡೆ ಕಾಣದಿದ್ದರೂ ಎಚ್‌ಸಿಜಿ ಪೂರ್ತಿ ಇಳಿಯುವವರೆಗೆ ಔಷಧವನ್ನು ನಿಲ್ಲಿಸಬಾರದೆಂದು ಲೀ ಹಟಹಿಡಿದನು. ಕಾಣದ ರೋಗಕ್ಕೆ ವಿಷ ಕೊಡುತ್ತಿರುವನೆಂದು ಮೇಲಿನವರು ಅವನನ್ನು ಕೆಲಸದಿಂದ ಬಿಡಿಸಿದರು. ಕಾಲವು ಅವನ ಮಾತನ್ನೇ ಸ್ಥಾಪಿಸಿತು. ನನ್ನ ಪಂಚಾಂಗದ ಅಂಚಿನ ಅಂಕೆಗಳು ಅವನ ಹಟದ ಫಲ.

ಹೈದರಾಬಾದಿನಲ್ಲಿ ನಮ್ಮನ್ನು ನೋಡುತ್ತಿದ್ದ ತರುಣವೈದ್ಯನು ತೆಲುಗಿನವನು, ಸರಸಿ. ನಾನು ಸಂಸ್ಕೃತದ ಮಾಸ್ತರನೆಂದು ತಿಳಿದು, ಇದಕ್ಕೆ ನಿಮ್ಮ ಗ್ರಂಥಗಳಲ್ಲಿ ಏನು ಹೇಳಿದೆಯೆಂದು ಕೇಳಿದನು. ತಲೆತಗ್ಗಿಸಿ, ತಂದೆಯ ಅಂಶವಿಲ್ಲದ ಕಲಲದ ಮಾತನ್ನು ಹೇಳಿದೆನು. ಅವನು ಕ್ಷಣಕಾಲ ಸುಮ್ಮನಿದ್ದು, "ಮಾಸ್ತರಗಾರೂ, ನಿಜವು ಅದಕ್ಕೆ ನೇರ ವಿರುದ್ಧವಾಗಿದೆ" ಎಂದನು. ಮನುಷ್ಯನ ಕಣದಲ್ಲಿ ೪೬ ವರ್ಣತಂತುಗಳು, ೨೩ ತಾಯಿಯಿಂದ, ೨೩ ತಂದೆಯಿಂದ. ೧೯೭೭ರಲ್ಲಿ ಜಪಾನಿನ ಕಾಜಿ ಮತ್ತು ಓಹಾಮ ಎಂಬ ವಿಜ್ಞಾನಿಗಳು ಪೂರ್ಣವಾದ ದ್ರಾಕ್ಷಾಗರ್ಭದ ವರ್ಣತಂತುಗಳೆಲ್ಲವೂ ತಂದೆಯಿಂದಲೇ ಬಂದವೆಂದು ತೋರಿಸಿದರು. ತಾಯಿಯ ಅಂಡವು ತನ್ನ ೨೩ ತಂತುಗಳನ್ನು ಹೇಗೋ ಕಳೆದುಕೊಂಡಿರುವುದು. ತಂದೆಯ ಒಂದು ಬೀಜಾಣುವು ಒಳಹೊಕ್ಕು ತನ್ನ ೨೩ನ್ನು ಇಮ್ಮಡಿಮಾಡಿಕೊಳ್ಳುವುದು. ಕೆಲವೊಮ್ಮೆ ಎರಡು ಬೀಜಾಣುಗಳು ಹೊಗುವುದೂ ಉಂಟು. ಅಪೂರ್ಣವಾದುದರಲ್ಲಿ ತಾಯಿಯ ಭಾಗವು ಇದ್ದು, ತಂದೆಯ ಭಾಗವು ಎರಡಾಗಿ, ಒಟ್ಟು ೬೯ ಆಗುತ್ತವೆ. ಮಾಸು ಬೆಳೆಯಲು ತಂದೆಯಿಂದ ಬಂದ ತಂತುಗಳು ಮುಖ್ಯ. ಕೂಸು ರೂಪಗೊಳ್ಳಲು ತಾಯಿಯವೂ ಬೇಕೇ ಬೇಕು. ಆದುದರಿಂದಲೇ ಮಾಸು ಮಾತ್ರ ಮಿತಿಮೀರಿ ಬೆಳೆದು ಕೂಸು ಇಲ್ಲವಾಗುವುದು.

ನಾನು ಅಲ್ಲಿಂದ ನೇರವಾಗಿ ದೇವದುರ್ಗಕ್ಕೆ ಹೋದೆನು. ಕಲ್ಮಲ, ಗಬ್ಬೂರುಗಳನ್ನು ದಾಟುವವರೆಗೂ ಹೇಗೆ ಆರಂಭಿಸಲೆಂಬುದೇ ತೋಚಲಿಲ್ಲ. ಬೀಗರ ಮನೆಯ ಪಡಸಾಲೆಯಲ್ಲಿ ಆ ಹಿರಿಯರನ್ನೂ ಕರೆಸಿ, "ಆ ದಿನ ಉಪನ್ಯಾಸದಲ್ಲಿ ನಾನು ಹೇಳಿದುದು ಗ್ರಂಥದಲ್ಲಿದೆ, ಆದರೆ ನಿಜವಲ್ಲ. ನಿಜವಾದುದನ್ನು ಈಗ ಹೇಳುತ್ತೇನೆ" ಎಂದು ತಿಳಿದಷ್ಟನ್ನೂ ಹೇಳಿದೆನು. ಹಾಗಾದರೆ ದೋಷವು ಗಂಡಿನದೇ ಎಂದು ಒಬ್ಬರು ಸಿಟ್ಟಿನಿಂದ ಕೇಳಿದರು. ಅಲ್ಲ. ಅಂಶವು ತಂದೆಯದಾದ ಮಾತ್ರಕ್ಕೆ ದೋಷವು ತಂದೆಯದಾಗದು. ಅಂಡವು ಬರಿದಾದುದು ತಾಯಿಯ ಅಪರಾಧವೂ ಅಲ್ಲ. ಗ್ರಹಣ, ದೃಷ್ಟಿ, ಕನಸು, ನಡತೆ ಯಾವುದೂ ಇದಕ್ಕೆ ಕಾರಣವಲ್ಲ. ಬಿತ್ತಿದ ಕಾಳುಗಳಲ್ಲಿ ಒಂದು ಹುಸಿಯಾದರೆ ನಾವು ಹೊಲವನ್ನು ಶಪಿಸುವೆವೇ? ಇಷ್ಟು ಹೇಳಿ ಕೈಮುಗಿದೆನು. ಯಾರೂ ಏನೂ ಹೇಳಲಿಲ್ಲ. ಮರುವಾರ ಹೈದರಾಬಾದಿಗೆ ಹೊರಡುವಾಗ ರಾಯಚೂರಿನ ಸ್ಟೇಶನ್ನಿನಲ್ಲಿ ಹುಡುಗಿಯ ಗಂಡನು ಬುತ್ತಿ ಕಟ್ಟಿಕೊಂಡು ನಿಂತಿದ್ದನು. ಅಂಗಡಿಗೆ ರಜೆ ಹಾಕಿ ಬಂದಿದ್ದನು. ಮುಂದಿನ ಎಲ್ಲ ಸುತ್ತುಗಳಿಗೂ ಅವನೇ ಹೋದನು.

ಮೂರನೆಯ ಸುತ್ತಿಗೆ ಅಂಕೆಯು ಸಹಜಸ್ಥಿತಿಗೆ ಬಂದಿತು. ಬೇರು ಉಳಿಯದಿರಲೆಂದು ಇನ್ನೆರಡು ಸುತ್ತು ಕೊಟ್ಟರು. ಇಂಥ ಕಡಿಮೆ ಅಂಕದ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ. ಏಳಕ್ಕೆ ಮೇಲ್ಪಟ್ಟವರಿಗೆ ಐದು ಔಷಧಗಳನ್ನು ಕೂಡಿಸಿ ಕೊಡುವರು. ಅವರಲ್ಲಿಯೂ ಬಹುಪಾಲು ಮಂದಿ ಗುಣವಾಗುತ್ತಾರೆ. ಆ ಐದರಲ್ಲಿ ಒಂದಾದ ವಿನ್‌ಕ್ರಿಸ್ಟಿನ್ ಎಂಬುದು ನಮ್ಮ ಅಂಗಳದಲ್ಲಿ ವರ್ಷವೆಲ್ಲ ಹೂಬಿಡುವ ಕಾಶಿಕಣಗಿಲೆಯಿಂದ ಬಂದುದು. ಮಾಸು ಅಂಟಿದ ಜಾಗದಲ್ಲಿಯೇ ನಿಧಾನವಾಗಿ ಬೆಳೆಯುವ ಇನ್ನೊಂದು ಅಪರೂಪದ ಗಡ್ಡೆಯುಂಟು. ಅದರಲ್ಲಿ ಎಚ್‌ಸಿಜಿ ಹೆಚ್ಚು ಏರದು, ಔಷಧಕ್ಕೂ ಅದು ಸುಲಭವಾಗಿ ಬಗ್ಗದು. ಅದಕ್ಕೆ ಶಸ್ತ್ರಕ್ರಿಯೆಯೇ ಮುಖ್ಯ. ಕೋರಿಯೊ ಜಾತಿಯದು ಪುಪ್ಪುಸ, ಯಕೃತ್ತು, ಮೆದುಳುಗಳಿಗೂ ಹರಡಬಲ್ಲುದು. ಅದು ದ್ರಾಕ್ಷಾಗರ್ಭದ ಮೇಲೆಯೇ ಬರಬೇಕೆಂದಿಲ್ಲ. ಗರ್ಭಪಾತದ ಬಳಿಕವೂ, ಆರೋಗ್ಯವಾದ ಕೂಸನ್ನು ಹೆತ್ತ ಬಳಿಕವೂ ಬರುವುದುಂಟು.

ಈಗ ಚರಕಸುಶ್ರುತರ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂದು ವಾಚಕರು ಕೇಳಬಹುದು. ಅವರ ಮೇಲೆ ನನ್ನ ಗೌರವವು ಕಡಿಮೆಯಾಗಿಲ್ಲ. ನನ್ನ ಮೇಲಿನದು ಕಡಿಮೆಯಾಗಿದೆ. ಗರ್ಭವೋ ಗುಲ್ಮವೋ ಎಂದು ಒಳಗನ್ನು ನೋಡಿ ತಿಳಿಯುವ ಸಾಧನವಿಲ್ಲದ ಕಾಲದಲ್ಲಿ, ತೀಕ್ಷ್ಣವಾದ ಔಷಧವನ್ನು ಕೊಟ್ಟು ನಿಜವಾದ ಕೂಸನ್ನು ಕೊಂದೇವೆಂಬ ಭಯವು ಸಹಜ. ಹತ್ತು ತಿಂಗಳು ಕಾಯಿರೆಂಬ ವಿಧಿಯ ಹಿಂದೆ ಆ ಎಚ್ಚರವಿರಬೇಕು. ಇಂದು ಸ್ಕ್ಯಾನಿಂಗು ಆ ಸಂದೇಹವನ್ನು ಕಾಲುಗಂಟೆಯಲ್ಲಿ ನಿವಾರಿಸುವಾಗ ಕಾಯುವುದಕ್ಕೆ ಕಾರಣವೇ ಉಳಿಯಲಿಲ್ಲ. ನಾನು ವಿಧಿಯನ್ನು ಕಂಠಪಾಠ ಮಾಡಿದ್ದೆನು, ಕಾರಣವನ್ನು ಕೇಳಿರಲಿಲ್ಲ. ಕಣ್ಣಿಗೆ ಕಂಡಷ್ಟರಿಂದ ಅವರು ತರ್ಕಿಸಿದರು. ಅವರು ಇಂದು ಇದ್ದಿದ್ದರೆ ಸೂಕ್ಷ್ಮದರ್ಶಕವನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದವರೂ ಅವರೇ. ಗ್ರಂಥವನ್ನು ರೋಗಿಯ ಮೇಲಿಟ್ಟು ಮುಚ್ಚಿದವನು ನಾನು.

ಕಡೆಯದಾಗಿ ವಾಚಕರಲ್ಲಿ, ಮುಖ್ಯವಾಗಿ ಮನೆಯ ಹಿರಿಯರಲ್ಲಿ, ಮೂರು ಬಿನ್ನಹಗಳು. ಬಸುರಿಗೆ ಮೊದಲ ತಿಂಗಳುಗಳಲ್ಲಿ ರಕ್ತ ಕಾಣಿಸಿದರೆ, ವಾಂತಿ ಮಿತಿಮೀರಿದರೆ, ತಿಂಗಳಿಗೆ ಮೀರಿ ಹೊಟ್ಟೆ ಬೆಳೆದರೆ ಅದೇ ದಿನ ತೋರಿಸಿರಿ. ಅವಳಿಜವಳಿಯೆಂದು ಊಹಿಸುತ್ತ ಕೂರಬೇಡಿರಿ. ಹೆರಿಗೆಯೋ ಗರ್ಭಪಾತವೋ ಆದ ಮೇಲೆ ವಾರಗಟ್ಟಲೆ ರಕ್ತ ನಿಲ್ಲದಿದ್ದರೆ ಮೈಲಿಗೆಯೆಂದು ಮೂಲೆಯಲ್ಲಿ ಕೂಡಿಸದೆ ಮೂತ್ರದ ಗರ್ಭಪರೀಕ್ಷೆಯನ್ನಾದರೂ ಮಾಡಿಸಿರಿ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಆ ಪಟ್ಟಿಯಿರುತ್ತದೆ. ಮೂರನೆಯದು, ದ್ರಾಕ್ಷಾಗರ್ಭವನ್ನು ತೆಗೆಸಿದ ಬಳಿಕ ವಾರವಾರದ ರಕ್ತಪರೀಕ್ಷೆಯನ್ನು ಬಸ್ಸಿನ ಚಾರ್ಜಿಗೆ ಹೆದರಿ ಬಿಡಬೇಡಿರಿ. ಮುಂದಿನ ಚಿಕಿತ್ಸೆ ಬೇಕಾದವರಿಗೆ ಹೈದರಾಬಾದಿನಲ್ಲಿ ಮೆಹದಿ ನವಾಜ್ ಜಂಗ್ ಅವರ ಹೆಸರಿನ ಕ್ಯಾನ್ಸರ್ ಸಂಸ್ಥೆಯೂ, ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯೂ ಇವೆ.

ಒಮ್ಮೆ ಹೀಗಾದವರಿಗೆ ಮತ್ತೆ ಹಾಗೆಯೇ ಆಗುವುದು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ. ವೈದ್ಯರು ಹೇಳಿದಂತೆ ನಮ್ಮ ಹುಡುಗಿಯು ಒಂದು ವರ್ಷ ಕಾದಳು. ಮರುಬಸಿರಿನಲ್ಲಿ ಎರಡನೆಯ ತಿಂಗಳಿಗೇ ಸ್ಕ್ಯಾನಿಂಗ್ ಮಾಡಿಸಿದಾಗ ಹೃದಯವು ಮಿಡಿಯುತ್ತಿದ್ದುದನ್ನು ಅವಳೂ ಅವಳ ಗಂಡನೂ ಒಟ್ಟಿಗೆ ನೋಡಿದರು. ಹುಟ್ಟಿದ್ದು ಹೆಣ್ಣುಮಗು. ಕುಬಸದ ದಿನ ದೇವದುರ್ಗದ ಆ ಹಿರಿಯರೇ ಮೊದಲು ಬಂದು ಅಕ್ಷತೆ ಹಾಕಿದರು; ನಾನೂ ಅವರೂ ಹಳೆಯ ಮಾತನ್ನು ಎತ್ತಲಿಲ್ಲ. ಆ ಮಗುವು ಈಗ ಶಾಲೆಗೆ ಹೋಗುತ್ತಿದೆ. ಬೇಸಿಗೆಯ ರಜೆಯಲ್ಲಿ ಮಾನವಿಗೆ ಬಂದಾಗ ನನ್ನ ಹತ್ತಿರ ಅಮರಕೋಶವನ್ನು ಹೇಳಿಸಿಕೊಳ್ಳುತ್ತದೆ; ಒಂದೊಂದು ಶಬ್ದಕ್ಕೂ, "ಅಜ್ಜಾ, ಯಾಕೆ ಹಂಗಂತಾರ?" ಎಂದು ಕೇಳುತ್ತದೆ. ನಾನು ನನ್ನ ಗುರುಗಳಿಗೆ ಕೇಳದೆ ಬಿಟ್ಟ ಪ್ರಶ್ನೆಯದು. ತಿಳಿದಿದ್ದರೆ ಹೇಳುತ್ತೇನೆ, ತಿಳಿಯದಿದ್ದರೆ ತಿಳಿಯದೆಂದು ಹೇಳುತ್ತೇನೆ. ೨೦೧೧ರ ಪಂಚಾಂಗವನ್ನು ಇನ್ನೂ ಬಿಸಾಡಿಲ್ಲ. ಇಷ್ಟನ್ನು ವಾಚಕಮಹಾಶಯರಲ್ಲಿ ನಿವೇದಿಸಿ ವಿರಮಿಸುತ್ತೇನೆ.